ಹಗರಣ ಎಂಬ ಹಳೆಯ ಆಟ

ಪತ್ರಿಕೆಗಳ ತಲೆಬರಹಕ್ಕೆ ‘ಹಗರಣ’ ಎಂಬ ಶಬ್ದ ಎಷ್ಟು ಒಗ್ಗಿಹೋಗಿದೆಯೆಂದರೆ, ಅದಕ್ಕೆ ಬೇರೊಂದು ಅರ್ಥವೂ ಉಂಟೆಂಬುದು ಹೆಚ್ಚಿನ ಓದುಗರಿಗೆ ಮರೆತೇಹೋಗಿದೆ. ಬೊಫೋರ್ಸ್ ಹಗರಣ, ಷೇರು ಹಗರಣ, ಮೇವು ಹಗರಣ, ಛಾಪಾ ಕಾಗದದ ಹಗರಣ ಎಂದು ಎಣಿಸುತ್ತ ಹೋದರೆ ಸ್ವತಂತ್ರ ಭಾರತದ ರಾಜಕೀಯ ಇತಿಹಾಸದ ಒಂದು ಮಗ್ಗುಲೇ ತೆರೆದುಕೊಳ್ಳುತ್ತದೆ. ಆದರೆ ಹೋಳಿ ಹುಣ್ಣಿಮೆ ಕಳೆದ ಮೇಲೆ ಅಂಕೋಲೆಯ ಕಡೆಯವರೊಬ್ಬರು ‘ಈ ಸಲ ಹಗರಣ ಬಹಳ ಚೆನ್ನಾಗಿತ್ತು’ ಎಂದರೆ ಗಾಬರಿಪಡಬೇಕಾಗಿಲ್ಲ. ಅವರು ಹೇಳುತ್ತಿರುವುದು ಸರ್ಕಾರದ ಹಣ ಲಪಟಾಯಿಸಿದವರ ವಿಷಯವನ್ನಲ್ಲ, ಸುಗ್ಗಿ ಹಬ್ಬದಲ್ಲಿ ವೇಷ ಕಟ್ಟಿ ಅಂಥವರನ್ನು ಗೇಲಿ ಮಾಡಿದವರ ವಿಷಯವನ್ನು.

ಅದೇ ಅಂಕೋಲೆಯಲ್ಲಿ, ಪಕ್ಕದ ಕಾರವಾರದಲ್ಲಿ, ರಾತ್ರಿಯ ಊಟವಾದ ಮೇಲೆ ಜನ ನೋಡುವ ಆಟ ಈಗ ಬೇರೆ. ಟಿ.ವಿ. ಪರದೆಯ ಮೇಲಾಗಲಿ ಅಂಗೈಯಗಲದ ಮೊಬೈಲಿನಲ್ಲಾಗಲಿ, ಕುರ್ಚಿಗಾಗಿ ನಡೆಯುವ ಸಂಚು, ರಾತ್ರೋರಾತ್ರಿ ಬದಲಾಗುವ ನಿಷ್ಠೆ, ಕೈಯಿಂದ ಕೈಗೆ ಹೋಗುವ ಹಣದ ಚೀಲ ಇವೆಲ್ಲ ಉಸಿರುಬಿಡಲು ಸಮಯ ಕೊಡದಂತೆ ಓಡುತ್ತವೆ. 2020ರ ಅಕ್ಟೋಬರಿನಲ್ಲಿ ಬಂದು ದೇಶದ ತುಂಬ ಮಾತಾದ ಹತ್ತು ಕಂತುಗಳ ಹಿಂದಿ ಸರಣಿಯ ಹೆಸರೇ ‘ಸ್ಕ್ಯಾಮ್ 1992’. ಕನ್ನಡಕ್ಕೆ ತಂದರೆ ‘ಹಗರಣ 1992’ ಎಂದೇ ಹೇಳಬೇಕು. 2023ರಲ್ಲಿ ಬಂದ ಅದರ ಮುಂದಿನ ಸರಣಿಯ ಕಥಾನಾಯಕ ಅಬ್ದುಲ್ ಕರೀಂ ತೆಲಗಿ ಹುಟ್ಟಿದ ಖಾನಾಪುರವಂತೂ ಉತ್ತರ ಕನ್ನಡದ ಗಡಿಗೆ ತಗುಲಿದ ತಾಲ್ಲೂಕು.

ಹಗರಣವನ್ನು ತಾನೇ ಆಡುತ್ತಿದ್ದ ಊರು ಹಗರಣವನ್ನು ಪರದೆಯ ಮೇಲೆ ನೋಡುವ ಊರಾದದ್ದು ಹೇಗೆ? ಈ ಬದಲಾವಣೆಯಲ್ಲಿ ನೋಡುವವನ ಪಾಲಿಗೆ ಉಳಿದದ್ದೆಷ್ಟು? ಒಂದು ಶಬ್ದದ ಜಾಡು ಹಿಡಿದು ಹೊರಟರೆ ಈ ಪ್ರಶ್ನೆಗಳಿಗೆ ಕೆಲಮಟ್ಟಿನ ಉತ್ತರ ದೊರೆಯುತ್ತದೆ.

ಪ್ರಕರಣದಿಂದ ಹಗರಣಕ್ಕೆ

ಸಂಸ್ಕೃತ ನಾಟ್ಯಶಾಸ್ತ್ರದಲ್ಲಿ ‘ಪ್ರಕರಣ’ ಎಂಬುದು ರೂಪಕದ ಒಂದು ಬಗೆ. ನಾಟಕವಾದರೆ ಪುರಾಣದ ಇಲ್ಲವೆ ಇತಿಹಾಸದ ಹೆಸರಾಂತ ಕಥೆಯನ್ನು ಆಯ್ದುಕೊಳ್ಳುತ್ತದೆ. ಪ್ರಕರಣದ ಕಥೆ ಕವಿಯ ಸ್ವಂತ ಕಲ್ಪನೆ, ಅದರ ನಾಯಕ ದೇವರಲ್ಲ, ರಾಜನೂ ಅಲ್ಲ. ಶೂದ್ರಕನ ‘ಮೃಚ್ಛಕಟಿಕ’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ಬಡವನಾದ ಚಾರುದತ್ತನ ಮೇಲೆ ರಾಜನ ಭಾವಮೈದುನ ಸುಳ್ಳು ಕೊಲೆಯ ಆರೋಪ ಹೊರಿಸುತ್ತಾನೆ. ನ್ಯಾಯಸ್ಥಾನದಲ್ಲಿ ವಿಚಾರಣೆ ನಡೆದು ಮರಣದಂಡನೆಯ ತೀರ್ಪೂ ಬರುತ್ತದೆ. ಅತ್ತ ತೆರೆಮರೆಯಲ್ಲಿ ಗೊಲ್ಲರ ಹುಡುಗ ಆರ್ಯಕ ದಂಗೆಯೆದ್ದು ಪಾಲಕ ರಾಜನನ್ನು ಕೊಂದು ಸಿಂಹಾಸನ ಏರುತ್ತಾನೆ. ಪ್ರೇಮಕಥೆಯೆಂದು ಹೆಸರಾದರೂ ಅದರ ಬೆನ್ನೆಲುಬು ರಾಜಕೀಯದ್ದು. ಅಧಿಕಾರದವರ ನಂಟ, ಸುಳ್ಳು ಮೊಕದ್ದಮೆ, ಸರ್ಕಾರದ ಪತನ ಎಂಬ ಮೂರು ಸರಕುಗಳನ್ನು ಬಿಟ್ಟು ಇಂದಿನ ರಾಜಕೀಯ ಧಾರಾವಾಹಿಯೂ ಹೆಚ್ಚೇನನ್ನೂ ಕಂಡುಹಿಡಿದಿಲ್ಲ.

ಈ ‘ಪ್ರಕರಣ’ವೇ ಹಳಗನ್ನಡದಲ್ಲಿ ‘ಪಗರಣ’ವಾಯಿತು. ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ, ಪಗರಣ ಮುಂದೆ ‘ಹಗರಣ’ವಾಯಿತು. ರೂಪ ಬದಲಾದಂತೆ ನೆಲೆಯೂ ಬದಲಾಯಿತು. ಪಂಡಿತರ ರಂಗಮಂಟಪದಿಂದ ಇಳಿದು ಬೀದಿಗೆ ಬಂದ ಈ ಶಬ್ದ ವೇಷ ಹಾಕಿ ನಗಿಸುವ ಅಣಕದ ಆಟಕ್ಕೆ ಹೆಸರಾಯಿತು. ಅಲ್ಲಿಂದ ಮುಂದೆ ‘ಬೀದಿಯಲ್ಲಿ ನಿಂತು ಹಗರಣ ಮಾಡಿಕೊಂಡರು’ ಎಂಬಂಥ ಮನೆಮಾತಿನಲ್ಲಿ ನಾಲ್ವರ ಎದುರು ಮಾನ ಹೋಗುವ ರಂಪ ಎಂಬ ಅರ್ಥ ಸೇರಿತು. ಪತ್ರಿಕೆಗಳು ಎತ್ತಿಕೊಂಡದ್ದು ಈ ಕೊನೆಯ ಅರ್ಥವನ್ನು. ನಾಲ್ಕೇ ಅಕ್ಷರದ ಶಬ್ದ ತಲೆಬರಹಕ್ಕೆ ಅನುಕೂಲವೂ ಆಯಿತು.

ವಿಚಿತ್ರವೆಂದರೆ ಮೂಲರೂಪವಾದ ‘ಪ್ರಕರಣ’ವೂ ರಂಗಭೂಮಿಯನ್ನು ಬಿಟ್ಟು ಪೊಲೀಸ್ ಠಾಣೆ ಸೇರಿತು. ಇಂದು ಪ್ರಕರಣ ‘ದಾಖಲಾಗುತ್ತದೆ’, ಹಗರಣ ‘ಬಯಲಾಗುತ್ತದೆ’. ನಾಟಕಕ್ಕಾಗಿ ಹುಟ್ಟಿದ ಒಂದೇ ಶಬ್ದದ ಎರಡು ರೂಪಗಳಲ್ಲಿ ಒಂದು ಕೋರ್ಟಿನಲ್ಲಿದೆ, ಇನ್ನೊಂದು ಪತ್ರಿಕೆಯ ಮುಖಪುಟದಲ್ಲಿದೆ. ಹಳೆಯ ಅರ್ಥವನ್ನು ಇನ್ನೂ ಕಾಪಾಡಿಕೊಂಡು ಬಂದ ಕೆಲವೇ ಜಾಗಗಳಲ್ಲಿ ಅಂಕೋಲೆಯ ಸೀಮೆಯೂ ಒಂದು.

ಕಚೇರಿಯ ಮುಂದೆ ವೇಷ

1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಕಾರವಾರ ಜಿಲ್ಲೆಯ ಮುಖ್ಯ ಠಾಣೆಯಾಗಿ ಬೆಳೆಯಿತು. ಕಲೆಕ್ಟರ ಕಚೇರಿ, ಜಿಲ್ಲಾ ನ್ಯಾಯಾಲಯ, ಅರಣ್ಯ ಮತ್ತು ಬಂದರು ಇಲಾಖೆಗಳೆಲ್ಲ ಅಲ್ಲಿ ನೆಲೆಯೂರಿದವು. ಅಲ್ಲಿಂದ ದಕ್ಷಿಣಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು ದೂರದ ಅಂಕೋಲೆಯಾದರೋ ಗದ್ದೆ, ಉಪ್ಪಿನಾಗರ, ಮೀನುಗಾರಿಕೆಗಳ ಸೀಮೆ. ಕಾನೂನು ಕಾರವಾರದಿಂದ ಬರುತ್ತಿತ್ತು, ಅದರ ಬಿಸಿ ತಟ್ಟುತ್ತಿದ್ದುದು ಅಂಕೋಲೆಯ ಹಳ್ಳಿಗಳಿಗೆ. ಗದ್ದೆಯ ಒಡೆಯ, ಸಾಲ ಕೊಟ್ಟ ಸಾಹುಕಾರ, ಲೆಕ್ಕ ಬರೆಯುವ ಶಾನುಭೋಗ, ಸೌದೆಯ ಹೊರೆಯನ್ನು ತಡೆದು ನಿಲ್ಲಿಸುವ ಅರಣ್ಯದ ಗಾರ್ಡು, ಇವರೇ ಹಾಲಕ್ಕಿ ಒಕ್ಕಲಿಗರಂಥ ದುಡಿಯುವ ಜನರಿಗೆ ಕಾಣುತ್ತಿದ್ದ ‘ಸರ್ಕಾರ’.

ವರ್ಷವಿಡೀ ಇವರೆದುರು ತಲೆ ತಗ್ಗಿಸಿ ನಡೆದವರಿಗೆ ಫಾಲ್ಗುಣದ ಸುಗ್ಗಿ ಒಂದಷ್ಟು ಸ್ವಾತಂತ್ರ್ಯ ಕೊಡುತ್ತದೆ. ತಲೆಯ ಮೇಲೆ ಬಣ್ಣಬಣ್ಣದ ಎತ್ತರದ ತುರಾಯಿ ಕಟ್ಟಿ, ಗುಮಟೆಯ ಬಡಿತಕ್ಕೆ ಹೆಜ್ಜೆ ಹಾಕುತ್ತ ಹಾಲಕ್ಕಿಗಳ ಸುಗ್ಗಿ ತಂಡಗಳು ಮನೆಯಿಂದ ಮನೆಗೆ ಸಾಗುತ್ತವೆ. ಆ ಕುಣಿತದ ಜೊತೆಗಾರನೇ ಹಗರಣ. ಇದಕ್ಕೆ ಬರೆದಿಟ್ಟ ಪಠ್ಯವಿಲ್ಲ, ರಂಗಸ್ಥಳವೂ ಬೇಕಿಲ್ಲ. ಕೈಗೆ ಸಿಕ್ಕ ಗೋಣಿ, ಹುಲ್ಲು, ಮಸಿ, ಹಾಳೆಗಳಲ್ಲೇ ವೇಷ ಸಿದ್ಧವಾಗುತ್ತದೆ. ಹುಸಿ ವೈದ್ಯ ನಾಡಿ ಹಿಡಿಯುತ್ತಾನೆ, ವಕೀಲ ಎರಡೂ ಕಡೆಯಿಂದ ಹಣ ಕೇಳುತ್ತಾನೆ, ಸಾಹೇಬ ಅರ್ಜಿಯನ್ನು ತಲೆಕೆಳಗಾಗಿ ಓದುತ್ತಾನೆ. ಕಾಲ ಕಳೆದಂತೆ ಮತ ಕೇಳಲು ಬರುವ ಪುಢಾರಿಯೂ ಈ ಸಾಲಿಗೆ ಸೇರಿದ. ಆ ವರ್ಷ ಊರಲ್ಲೋ ದೇಶದಲ್ಲೋ ನಡೆದ ಯಾವ ದೊಡ್ಡ ಸುದ್ದಿಯೂ ಹಗರಣದ ಕಣ್ಣಿಗೆ ಬೀಳದೆ ಉಳಿಯುವುದಿಲ್ಲ.

ಹಗರಣದ ವೇಗವನ್ನು ವಿಶೇಷವಾಗಿ ಗಮನಿಸಬೇಕು. ಒಂದು ವೇಷ ಬರುತ್ತದೆ, ನಾಲ್ಕು ಮಾತಾಡುತ್ತದೆ, ನಗಿಸುತ್ತದೆ, ಮುಂದೆ ಸಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು. ವಿವರಿಸಲು ಅಲ್ಲಿ ಯಾರಿಗೂ ಪುರಸತ್ತಿಲ್ಲ, ವಿವರಣೆಯ ಅಗತ್ಯವೂ ಇಲ್ಲ. ಯಾರ ನಡಿಗೆಯನ್ನು ಅಣಕಿಸಲಾಗುತ್ತಿದೆ, ಯಾರ ಕೆಮ್ಮನ್ನು ಅನುಕರಿಸಲಾಗುತ್ತಿದೆ ಎಂಬುದು ನೋಡುವವರಿಗೆ ಮೊದಲೇ ಗೊತ್ತು. ಅಣಕಕ್ಕೆ ಗುರಿಯಾದ ವ್ಯಕ್ತಿ ಎಷ್ಟೋ ಸಲ ಅದೇ ಗುಂಪಿನಲ್ಲಿ ನಿಂತಿರುತ್ತಾನೆ. ಹಬ್ಬದ ದಿನ ಸಿಟ್ಟಾಗುವಂತಿಲ್ಲವಾದ್ದರಿಂದ ಎಲ್ಲರೊಡನೆ ಅವನೂ ನಗಬೇಕಾಗುತ್ತದೆ.

ಅಂಕೋಲೆ ತಾಲ್ಲೂಕಿನ ಬೆಳಂಬಾರದ ಹಾಲಕ್ಕಿ ಸುಗ್ಗಿ ತಂಡ ತಹಶೀಲ್ದಾರರ ಕಚೇರಿಯ ಮುಂದೆ ಬಂದು ಕುಣಿಯುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಹಿಂದೊಮ್ಮೆ ಜೀವಂತ ಹುಲಿಯನ್ನೇ ಹಿಡಿದು ತಂದು ಹಗರಣ ತೋರಿಸಿದ ತಂಡಕ್ಕೆ ದೊರೆಗಳು ತಾಮ್ರದ ಬಿರುದು ಕೊಟ್ಟರೆಂಬ ಕಥೆಯೂ ಇದರೊಂದಿಗೆ ಸೇರಿಕೊಂಡಿದೆ. ಕಥೆ ಹೇಗೇ ಇರಲಿ, ಕುಣಿಯಲು ಆಯ್ದ ಜಾಗ ಅರ್ಥಪೂರ್ಣವಾದದ್ದು. ವರ್ಷಕ್ಕೊಮ್ಮೆಯಾದರೂ ಅಧಿಕಾರ ಬಾಗಿಲಿಗೆ ಬಂದು, ಜನ ತನ್ನನ್ನು ಹೇಗೆ ಕಾಣುತ್ತಾರೆಂಬುದನ್ನು ನೋಡಬೇಕು.

ಹಾಗೆಂದು ಹಗರಣವನ್ನು ಬಂಡಾಯವೆಂದು ಹೊಗಳುವುದು ಅತಿಯಾದೀತು. ಅದರ ಗೇಲಿ ದೊಡ್ಡವರನ್ನಷ್ಟೇ ಅಲ್ಲ, ಹೆಂಗಸರನ್ನೂ ಕೈಲಾಗದವರನ್ನೂ ಬಿಡುತ್ತಿರಲಿಲ್ಲ. ಹಬ್ಬ ಮುಗಿದ ಮರುದಿನ ಒಡೆಯ ಒಡೆಯನೇ, ಒಕ್ಕಲು ಒಕ್ಕಲೇ. ಆದರೂ ನೋಡುವವನೂ ಆಡುವವನೂ ಆಡಿಸಿಕೊಂಡವನೂ ಒಂದೇ ಬೀದಿಯಲ್ಲಿದ್ದರು. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗಬೇಕು.

ಅವಸರವಿಲ್ಲದ ವಾದ

ಈ ಕರಾವಳಿಯ ಜನ ರಾಜಕೀಯ ನಾಟಕವನ್ನು ನೋಡಲು ಕಲಿತ ಇನ್ನೊಂದು ಶಾಲೆ ಯಕ್ಷಗಾನ ಮತ್ತು ತಾಳಮದ್ದಳೆ. ಹಗರಣ ಎಷ್ಟು ಚುರುಕೋ ತಾಳಮದ್ದಳೆ ಅಷ್ಟೇ ಸಾವಧಾನದ್ದು. ‘ಕೃಷ್ಣ ಸಂಧಾನ’ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ಯುದ್ಧ ತಪ್ಪಿಸಲು ಕೃಷ್ಣ ಕೌರವನ ಸಭೆಗೆ ಹೋಗುತ್ತಾನೆ, ಸಂಧಿ ಮುರಿಯುತ್ತದೆ. ಕಥೆ ಇಷ್ಟೇ, ಅದೂ ಎಲ್ಲರಿಗೂ ಗೊತ್ತಿರುವುದೇ. ಆದರೂ ಜನ ಗಂಟೆಗಟ್ಟಲೆ ಕೂತು ಕೇಳುತ್ತಾರೆ. ಕೌರವನ ಪಾತ್ರ ವಹಿಸಿದ ಅರ್ಥಧಾರಿ ತನ್ನ ಪಕ್ಷವನ್ನು ಎಷ್ಟು ಬಲವಾಗಿ ಮಂಡಿಸುತ್ತಾನೆ, ಕೃಷ್ಣ ಅದಕ್ಕೆ ಯಾವ ಉತ್ತರ ಕೊಡುತ್ತಾನೆ ಎಂಬುದರಲ್ಲೇ ಅವರ ಕುತೂಹಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಖಳನೆನಿಸಿದವನ ಪಾತ್ರಕ್ಕೂ ತರ್ಕದ ಘನತೆ ತಂದುಕೊಟ್ಟು ಹೆಸರಾದರು. ಅಧಿಕಾರದಲ್ಲಿ ಇರುವವನಿಗೂ ತನ್ನದೇ ಆದ ವಾದವಿರುತ್ತದೆ, ಅದನ್ನು ಪೂರ್ತಿ ಕೇಳಿದ ಮೇಲೆಯೇ ತೀರ್ಪು ಕೊಡಬೇಕು ಎಂಬ ಶಿಸ್ತನ್ನು ತಾಳಮದ್ದಳೆ ಶ್ರೋತೃವಿಗೆ ಕಲಿಸಿತು.

ನೋಡಲು ಬಂದವರು ನೋಟಕರಾಗಿಯೇ ಉಳಿಯದ ಸಂದರ್ಭವೂ ಅಂಕೋಲೆಯ ಇತಿಹಾಸದಲ್ಲಿದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾನೂನನ್ನು ಮುರಿದಾಗ ಸುತ್ತಲ ಹಳ್ಳಿಗಳಿಂದ ಜನ ಕಿಕ್ಕಿರಿದು ಸೇರಿದ್ದರು. ಕಾನೂನು ಮುರಿದು ತಂದ ಉಪ್ಪನ್ನು ಹರಾಜಿಗಿಟ್ಟರು. ಮೊದಲ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಕೊಂಡವನೂ ಕಾನೂನು ಮುರಿದವನೇ ಆದ್ದರಿಂದ, ನೋಟಕ್ಕೆ ಬಂದವರು ಆ ಕ್ಷಣದಲ್ಲೇ ಪಾತ್ರಧಾರಿಗಳಾದರು. ಮುಂದೆ ಕರನಿರಾಕರಣೆಯ ಚಳವಳಿಯಲ್ಲಿ ಅಂಕೋಲೆಯ ರೈತರು ಭೂಮಿಕಾಣಿ ಕಳೆದುಕೊಂಡು ಆ ಪಾತ್ರದ ಬೆಲೆಯನ್ನೂ ತೆತ್ತರು.

ಪರದೆಯ ಓಟ

ಕನ್ನಡದ ಕಿರುತೆರೆಗೆ ರಾಜಕೀಯವನ್ನೂ ನ್ಯಾಯಾಲಯವನ್ನೂ ತಂದವರಲ್ಲಿ ಟಿ.ಎನ್. ಸೀತಾರಾಂ ಪ್ರಮುಖರು. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ದ ನಂತರ ‘ಮನ್ವಂತರ’, ‘ಮುಕ್ತ’ ಮೊದಲಾದ ಧಾರಾವಾಹಿಗಳಲ್ಲಿ ಅವರು ಕುಟುಂಬದ ಕಥೆಯೊಳಗೆ ರಾಜಕಾರಣಿ, ಅಧಿಕಾರಿ, ವಕೀಲರನ್ನು ತಂದು ಕೂರಿಸಿದರು. ಅವರ ಧಾರಾವಾಹಿಗಳಲ್ಲಿ ಜನ ಕಾದು ನೋಡುತ್ತಿದ್ದುದು ನ್ಯಾಯಾಲಯದ ದೃಶ್ಯಗಳನ್ನು. ಅಲ್ಲಿ ಒಂದೇ ಪಾಟೀಸವಾಲು ಹಲವು ಕಂತುಗಳಿಗೆ ಹಬ್ಬುತ್ತಿತ್ತು. ವಾದ ಕೇಳುವ ಆ ರುಚಿ ತಾಳಮದ್ದಳೆಯ ನಾಡಿಗೆ ಹೊಸತೇನಾಗಿರಲಿಲ್ಲ.

ಇತ್ತೀಚಿನ ರಾಜಕೀಯ ಸರಣಿಗಳ ಲಯ ಬೇರೆ. 1999ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ದಿ ವೆಸ್ಟ್ ವಿಂಗ್’ ಧಾರಾವಾಹಿಯಲ್ಲಿ ಅಧ್ಯಕ್ಷರ ಸಿಬ್ಬಂದಿ ಕೂತು ಮಾತಾಡುವುದಕ್ಕಿಂತ ಕಾರಿಡಾರಿನಲ್ಲಿ ಓಡಾಡುತ್ತಲೇ ಮಾತಾಡುವುದು ಹೆಚ್ಚು. ಕ್ಯಾಮೆರಾ ಅವರ ಜೊತೆಗೇ ನಡೆಯುತ್ತದೆ. ಈ ಉಪಾಯದಿಂದ ಬಜೆಟ್ಟಿನ ಚರ್ಚೆಯೂ ಬೇಟೆಯ ಹಾಗೆ ಕಾಣತೊಡಗಿತು. ಆಮೇಲೆ ಬಂದ ಸರಣಿಗಳು ಈ ವೇಗವನ್ನು ಇನ್ನಷ್ಟು ಬಿಗಿ ಮಾಡಿದವು. ದೃಶ್ಯ ಚಿಕ್ಕದು, ಒಂದು ಕಡೆ ಫೋನು ಕೆಳಗಿಟ್ಟರೆ ಇನ್ನೊಂದು ಕಡೆ ಸರ್ಕಾರ ಅಲುಗುತ್ತದೆ. ಕಂತಿನ ಕೊನೆಗೆ ಒಂದು ಬಾಂಬು ಸಿಡಿಯುತ್ತದೆ, ಅದರ ಪರಿಣಾಮ ತಿಳಿಯಲು ಮುಂದಿನ ಕಂತಿಗೆ ಹೋಗಲೇಬೇಕು.

ಇದರಲ್ಲಿ ಒಳ್ಳೆಯದಿಲ್ಲವೆಂದಲ್ಲ. ಬ್ಯಾಂಕುಗಳ ನಡುವಿನ ರಸೀತಿಗಳ ವ್ಯವಹಾರದಲ್ಲಿ ಹರ್ಷದ್ ಮೆಹ್ತಾ ಹೇಗೆ ಬಿರುಕು ಕಂಡುಕೊಂಡ ಎಂಬುದು 1992ರಲ್ಲಿ ಪತ್ರಿಕೆ ಓದಿದವರಲ್ಲಿ ಎಷ್ಟೋ ಮಂದಿಗೆ ಅರ್ಥವಾಗಿರಲಿಲ್ಲ. ಇಪ್ಪತ್ತೆಂಟು ವರ್ಷಗಳ ನಂತರ ಸರಣಿಯೊಂದು ಅದನ್ನು ಕಥೆಯಾಗಿ ಹೇಳಿ ತಿಳಿಸಿತು. ವೇಗವೂ ಒಂದು ಬಗೆಯ ಪಾಠವೇ. ತೆರೆಮರೆಯಲ್ಲಿ ಏನು ನಡೆಯುತ್ತದೆಂಬುದು ತನಗೂ ಗೊತ್ತು ಎಂಬ ಆತ್ಮವಿಶ್ವಾಸವನ್ನು ಅದು ನೋಡುವವನಿಗೆ ಕೊಡುತ್ತದೆ.

ಕಲ್ಪನೆಯ ಸರಣಿಗೂ ನಿಜದ ರಾಜಕೀಯಕ್ಕೂ ನಡುವಿನ ಗೆರೆ ಮಸುಕಾಗುವ ದಿನಗಳೂ ಬಂದವು. 2019ರ ಜುಲೈನಲ್ಲಿ ಕರ್ನಾಟಕದ ಸಮ್ಮಿಶ್ರ ಸರ್ಕಾರದ ಶಾಸಕರು ರಾಜೀನಾಮೆ ಕೊಟ್ಟು ಮುಂಬಯಿಯ ಹೋಟೆಲು ಸೇರಿದಾಗ, ಅಂಕೋಲೆಯ ನೆರೆಯ ಯಲ್ಲಾಪುರ ಕ್ಷೇತ್ರದ ಶಾಸಕರೂ ರಾಜೀನಾಮೆ ಕೊಟ್ಟವರಲ್ಲಿದ್ದರು. ಜುಲೈ 23ರಂದು 99ಕ್ಕೆ 105 ಮತಗಳಿಂದ ವಿಶ್ವಾಸಮತ ಬಿದ್ದುಹೋಗುವ ತನಕ ವಾರಗಟ್ಟಲೆ ಜನ ಟಿ.ವಿ. ಮುಂದೆ ಕೂತದ್ದು ಧಾರಾವಾಹಿ ನೋಡುವ ಹಾಗೆಯೇ. ಆಗ ಮನೆಗಳಲ್ಲಿ ಕೇಳಿಬರುತ್ತಿದ್ದ ಪ್ರಶ್ನೆಯೂ ‘ಮುಂದೇನಾಗುತ್ತದೆ?’ ಎಂಬುದೇ. ‘ಹೀಗಾಗಬಹುದೇ?’ ಎಂಬ ಪ್ರಶ್ನೆ ಕೇಳಿದವರು ಕಡಿಮೆ.

ಬೇಲೆಕೇರಿಯ ಹದಿನಾಲ್ಕು ವರ್ಷ

ಹಗರಣದ ಹಳೆಯ ಅರ್ಥವನ್ನು ಉಳಿಸಿಕೊಂಡ ತಾಲ್ಲೂಕಿನಲ್ಲೇ ಅದರ ಹೊಸ ಅರ್ಥದ ದೊಡ್ಡ ಉದಾಹರಣೆಯೊಂದು ನಡೆದದ್ದು ಇತಿಹಾಸದ ವ್ಯಂಗ್ಯ. ಬೇಲೆಕೇರಿ ಅಂಕೋಲೆ ತಾಲ್ಲೂಕಿನ ಚಿಕ್ಕ ಬಂದರು. ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾದಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಏರಿದಾಗ ಬಳ್ಳಾರಿಯ ಗಣಿಗಳಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ಹಾದಿಯಾಗಿ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿದವು. ದಾರಿಯುದ್ದಕ್ಕೂ ಗಿಡಮರಗಳು ಕೆಂಪಾದವು.

2010ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಸರಿಯಾದ ಪರವಾನಗಿಯಿಲ್ಲದೆ ಬಂದಿದ್ದ ಸುಮಾರು 5 ಲಕ್ಷ ಟನ್ ಅದಿರನ್ನು ಬೇಲೆಕೇರಿಯಲ್ಲಿ ಜಪ್ತಿ ಮಾಡಿತು. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಕಾಣೆಯಾಗಿ ಹಡಗು ಏರಿತ್ತು. ಜಪ್ತಿ ಮಾಡಿದ ಅರಣ್ಯಾಧಿಕಾರಿಯ ಮೇಲೆಯೇ ಅಮಾನತಿನ ಕ್ರಮಕ್ಕೆ ಸರ್ಕಾರ ಮುಂದಾದಾಗ ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಜೂನ್ 23ರಂದು ರಾಜೀನಾಮೆ ಕೊಟ್ಟರು. ಕೆಲ ದಿನಗಳ ನಂತರ ಹಿಂತೆಗೆದುಕೊಂಡರು. ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಬಂತು. ಜುಲೈ 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು.

ಇಲ್ಲಿಯ ತನಕ ಕಥೆ ಧಾರಾವಾಹಿಯ ವೇಗದಲ್ಲೇ ಓಡಿತು. ಆಮೇಲೆ ಅದು ಕಾನೂನಿನ ವೇಗಕ್ಕೆ ಇಳಿಯಿತು. 2012ರಲ್ಲಿ ಸುಪ್ರೀಂ ಕೋರ್ಟು ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರ ಕ್ಷೇತ್ರದ ಶಾಸಕರೂ ಸೇರಿದಂತೆ ಹಲವರನ್ನು ತಪ್ಪಿತಸ್ಥರೆಂದು ಸಾರಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ಮರು ತಿಂಗಳೇ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಜಪ್ತಿಯಿಂದ ತೀರ್ಪಿನವರೆಗೆ ಹದಿನಾಲ್ಕೂವರೆ ವರ್ಷ. ಇದನ್ನು ಹತ್ತು ಕಂತುಗಳ ಸರಣಿ ಮಾಡಿದರೆ ಒಂದೊಂದು ಕಂತಿಗೆ ಸುಮಾರು ಒಂದೂವರೆ ವರ್ಷ ತುಂಬಬೇಕಾಗುತ್ತದೆ. ಅಷ್ಟರಲ್ಲಿ ಈ ಕ್ಷೇತ್ರ 2013, 2018, 2023ರಲ್ಲಿ ಮೂರು ಸಲ ವಿಧಾನಸಭೆಗೆ ಮತ ಹಾಕಿ ಮುಗಿಸಿತ್ತು.

ಸರಣಿ ಬಿಟ್ಟುಬಿಡುವುದು ಈ ನಡುವಣ ವರ್ಷಗಳನ್ನು. ಮುಂದೂಡಿದ ವಿಚಾರಣೆಗಳನ್ನು, ವರ್ಗವಾದ ಅಧಿಕಾರಿಗಳನ್ನು, ಸಾಕ್ಷಿ ಹೇಳಲು ಕೆಲಸ ಬಿಟ್ಟು ಹೋಗಬೇಕಾದವರನ್ನು, ಧೂಳು ತಿಂದ ರಸ್ತೆಬದಿಯ ಮನೆಗಳನ್ನು ತೋರಿಸುತ್ತ ಕೂತರೆ ಯಾವ ಪ್ರೇಕ್ಷಕನೂ ಕಾಯುವುದಿಲ್ಲ. ನಿಜವಾದ ಹಗರಣ ಬದುಕುಳಿಯುವುದಾದರೂ ಈ ಬೇಸರದ ನೆರಳಿನಲ್ಲೇ. ಆರೋಪ ಬಂದ ವಾರ ಎಲ್ಲರ ಕಣ್ಣೂ ಅದರ ಮೇಲೆ, ಏಳನೆಯ ವರ್ಷದ ಹದಿನೇಳನೆಯ ವಾಯಿದೆಯ ದಿನ ನೋಡುವವರೇ ಇಲ್ಲ. ಪರದೆಯ ಓಟಕ್ಕೆ ಒಗ್ಗಿದ ಕಣ್ಣು ನ್ಯಾಯದ ನಡಿಗೆಯನ್ನು ನೋಡುವ ತಾಳ್ಮೆ ಕಳೆದುಕೊಂಡರೆ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ.

ನೋಡುವವರ ಪಾಲು

ಧಾರಾವಾಹಿಯನ್ನು ದೂರಿ ಫಲವಿಲ್ಲ. ವೇಗ ಅದಕ್ಕೆ ಮಾತ್ರ ಸೇರಿದ್ದೂ ಅಲ್ಲ, ಹಗರಣಕ್ಕೂ ವೇಗವಿತ್ತು. ಆದರೆ ಹಗರಣದ ವೇಗಕ್ಕೆ ಆಧಾರ ನೋಡುವವನ ಸ್ವಂತ ತಿಳಿವಳಿಕೆ, ಅವನಿಗೆ ಮೊದಲೇ ಗೊತ್ತಿದ್ದರಿಂದಲೇ ಅದು ಓಡಬಲ್ಲದಾಗಿತ್ತು. ಧಾರಾವಾಹಿಯ ವೇಗಕ್ಕೆ ಆಧಾರ ಅವನ ಕುತೂಹಲ, ಮುಂದಿನದು ಗೊತ್ತಿಲ್ಲದ್ದರಿಂದಲೇ ಅವನು ಕೂತಿರುತ್ತಾನೆ. ಅಲ್ಲಿ ಗೇಲಿಗೊಳಗಾದ ಸಾಹೇಬನ ಕಿವಿಗೆ ನಗು ಬೀಳುತ್ತಿತ್ತು. ಇಲ್ಲಿ ಸೋಫಾದ ಮೇಲೆ ಕೂತವನ ಸಿಟ್ಟು ಪರದೆಯ ಮಂತ್ರಿಗೆ ತಲುಪುವುದಿಲ್ಲ, ಹೊರಗಿನ ಮಂತ್ರಿಗೂ ತಲುಪುವುದಿಲ್ಲ. ಕಥೆ ಮುಗಿದಾಗ ಸಿಟ್ಟೂ ತೀರಿರುತ್ತದೆ.

ಶಬ್ದದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಒಂದು ಕಾಲಕ್ಕೆ ಹಗರಣ ಎಂದರೆ ಆಳಿಸಿಕೊಳ್ಳುವವರು ಆಳುವವರ ಎದುರು ನಿಂತು ಆಡುವ ಆಟ. ಈಗ ಆಳುವವರು ಮಾಡುವ ಕೆಲಸಕ್ಕೆ ಆ ಹೆಸರು ಹೋಗಿದೆ, ಆಡುತ್ತಿದ್ದವರು ಪ್ರೇಕ್ಷಕರ ಸಾಲಿಗೆ ಸರಿದಿದ್ದಾರೆ. ಶಬ್ದವೊಂದು ಕೈ ಬದಲಾಯಿಸಿದಾಗ ಅದರೊಂದಿಗೆ ಹಕ್ಕೊಂದೂ ಕೈ ಬದಲಾಯಿಸಿತೋ ಎಂದು ಯೋಚಿಸಬೇಕಾಗಿದೆ.

ಬೆಳಂಬಾರ, ಬೇಲೆಕೇರಿಗಳೆರಡೂ ಒಂದೇ ತಾಲ್ಲೂಕಿನ ಕಡಲಂಚಿನ ಊರುಗಳು. ಒಂದರ ಹೆಸರು ಹಗರಣದ ಹಳೆಯ ಅರ್ಥದೊಡನೆ, ಇನ್ನೊಂದರ ಹೆಸರು ಹೊಸ ಅರ್ಥದೊಡನೆ ಸೇರಿಕೊಂಡಿದೆ. ಫಾಲ್ಗುಣ ಬಂದಾಗ ತುರಾಯಿ ಕಟ್ಟಿದ ತಂಡ ಈಗಲೂ ಗುಮಟೆ ಬಾರಿಸುತ್ತ ತಹಶೀಲ್ದಾರರ ಕಚೇರಿಯ ಅಂಗಳಕ್ಕೆ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಒಳಗೆ ಕೂತ ಅಧಿಕಾರಿ ಎದ್ದು ಹೊರಗೆ ಬರಲೇಬೇಕು.